ಆರು ನಿಮಿಷದ ಗುಡ್ಡ

ಮರಳಿನ ಸ್ವಭಾವ ನನಗೆ ತಿಳಿದಷ್ಟು ಶಿಕಾರಿಪುರ ತಾಲ್ಲೂಕಿನಲ್ಲಿ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಇದು ಜಂಬವಲ್ಲ. ತೊಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಾನೇ ಎಲ್ಲರಿಗೂ ಹಾಗೆ ಹೇಳಿಕೊಂಡು ತಿರುಗುತ್ತಿದ್ದೆ, ಯಾರೊಬ್ಬರೂ ಅಲ್ಲವೆಂದಿರಲಿಲ್ಲ!

ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲಿಗ ನಾನು. ಪಿಯುಸಿ ದಾಟಿದ ಮೊದಲಿಗನೂ ನಾನೇ. ಆಮೇಲೆ ಬಿ.ಎಸ್ಸಿ., ಅದರ ಮೇಲೆ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ತೊಗರ್ಸಿಯಿಂದ ಶಿಕಾರಿಪುರದ ಕಾಲೇಜಿಗೆ ಬಸ್ಸಿನ ಹಿಂದಿನ ಏಣಿ ಹಿಡಿದು ಹೋದದ್ದು, ಹಾಸ್ಟೆಲ್ಲಿನಲ್ಲಿ ಇದ್ದ ಒಂದೇ ಪ್ಯಾಂಟು ಒಣಗುವವರೆಗೆ ಟವಲ್ ಸುತ್ತಿಕೊಂಡು ಓದಿದ್ದು, ಇವೆಲ್ಲ ಸೇರಿ ಆದ ಡಿಗ್ರಿ ಅದು. ಅವ್ವ ನನ್ನ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ದೇವರ ಮಾಡದ ಪಕ್ಕದಲ್ಲಿ ತೂಗುಹಾಕಿದ್ದಳು. ದೇವರಿಗೆ ವಿಭೂತಿ ಹಚ್ಚುವಾಗ ಅದಕ್ಕೂ ಮೂರು ಬೆರಳು ಎಳೆಯುತ್ತಿದ್ದಳು. ವರ್ಷ ಕಳೆಯುವುದರೊಳಗೆ ನನ್ನ ಹೆಸರು ಕಾಣದಂತಾಗಿತ್ತು.

ಇಷ್ಟೆಲ್ಲ ಓದಿದ ಮೇಲೆ ನನಗೆ ಸಿಕ್ಕಿದ ಕೆಲಸ ಶಿಕಾರಿಪುರದ ಹೊರಗೆ, ಹಳೆಯ ಅಕ್ಕಿ ಗಿರಣಿಯೊಂದರಲ್ಲಿ ನಡೆಯುತ್ತಿದ್ದ ಸಣ್ಣ ಮಾತ್ರೆ ಕಾರ್ಖಾನೆಯಲ್ಲಿ. ಹುದ್ದೆಯ ಹೆಸರು ಕೆಮಿಸ್ಟ್. ಊರವರೆಲ್ಲ ನಾನು ಮೆಡಿಕಲ್ ಶಾಪ್ ಇಟ್ಟಿದ್ದೇನೆ ಅಂದುಕೊಂಡರು. ಸಂತೆ ದಿನ ನಮ್ಮೂರ ಕಡೆಯವರು ಗೇಟಿನಲ್ಲಿ ನಿಂತು, ‘ಚಂದ್ರಪ್ಪ, ಹೊಟ್ಟಿ ನೋವಿಗೆ ಏನರ ಕೊಡೋ’ ಎಂದು ಕೂಗುತ್ತಿದ್ದರು.

ನಾನು ಮಾಡುತ್ತಿದ್ದದ್ದು ಬೇರೆ. ತಯಾರಾದ ಮಾತ್ರೆಯಲ್ಲಿ ಔಷಧ ಸರಿಯಾಗಿ ಇದೆಯೋ ಇಲ್ಲವೋ ಎಂದು ಯಂತ್ರದಲ್ಲಿ ಪರೀಕ್ಷಿಸುವುದು. ಯಂತ್ರದ ಜೀವ ಇರುವುದು ಕಾಲಂನಲ್ಲಿ. ಕಾಲಂ ಎಂದರೆ ಗೇಣುದ್ದದ ಉಕ್ಕಿನ ಕೊಳವೆ. ಅದರೊಳಗೆ ಸಿಲಿಕಾ, ಎಂದರೆ ಶುದ್ಧಮಾಡಿದ ಮರಳು, ಹಿಟ್ಟಿಗಿಂತ ನಯವಾದದ್ದು, ಗಿಡಿದು ತುಂಬಿರುತ್ತದೆ. ಒಂದು ತುದಿಯಿಂದ ಪಂಪು ದ್ರಾವಣವನ್ನು ಒತ್ತುತ್ತದೆ. ಮಾತ್ರೆ ಕರಗಿಸಿದ ನೀರನ್ನು ಒಂದು ತೊಟ್ಟು ಸೂಜಿಯಲ್ಲಿ ಬಿಟ್ಟರೆ, ಔಷಧ ಮರಳಿನ ನಡುವೆ ದಾರಿ ಮಾಡಿಕೊಂಡು ಇನ್ನೊಂದು ತುದಿಯಲ್ಲಿ ಹೊರಬರುತ್ತದೆ. ಬಂದ ಗಳಿಗೆಯಲ್ಲಿ ಪಕ್ಕದ ಪೆಟ್ಟಿಗೆಯ ಪೆನ್ನು, ಸರಿಯುತ್ತಿರುವ ಕಾಗದದ ಮೇಲೆ ಒಂದು ಗುಡ್ಡ ಬರೆಯುತ್ತದೆ. ಗುಡ್ಡ ಎಷ್ಟು ದೊಡ್ಡದೋ ಔಷಧ ಅಷ್ಟು.

ನಮ್ಮದು ಸೀನು, ನೆಗಡಿಯ ಮಾತ್ರೆ. ಅದರೊಳಗಿನ ಔಷಧ ಪ್ರತ್ಯಾಮ್ಲ ಗುಣದ್ದು. ಮರಳಿನದು ತುಸು ಆಮ್ಲ ಗುಣ. ಇವೆರಡೂ ಎದುರಾದರೆ ತಬ್ಬಿಕೊಂಡು ಕೂತೇಬಿಡುತ್ತವೆ. ಅದಕ್ಕೇ ದ್ರಾವಣಕ್ಕೆ ಅಮೋನಿಯ ಬೆರೆಸಬೇಕು. ಸೊರಬದ ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಾಗಲೇ ಜನ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಅಮೋನಿಯ ಮಾಡುವುದು ಅದನ್ನೇ. ಔಷಧ ಹತ್ತಿದಾಗ ಸೀಟೆಲ್ಲ ಭರ್ತಿ! ಪಾಪ, ನಿಂತುಕೊಂಡೇ ಹೋಗಿ ತನ್ನ ಸ್ಟಾಪಿನಲ್ಲಿ ಇಳಿಯುತ್ತದೆ. ನಮ್ಮ ಯಂತ್ರದಲ್ಲಿ ಆರು ನಿಮಿಷಕ್ಕೆ ಸರಿಯಾಗಿ.

ದೊಡ್ಡ ಕಂಪನಿಗಳು ಈ ಕೆಲಸಕ್ಕೆ ಬೇರೆ ದುಬಾರಿ ಕಾಲಂ ಇಟ್ಟುಕೊಂಡಿರುತ್ತವೆ. ನಮ್ಮ ಮಾಲೀಕರು ಹಳೆ ಯಂತ್ರದ ಜೊತೆ ಬಂದಿದ್ದ ಬರೀ ಸಿಲಿಕಾ ಕಾಲಂ ಕೈಗಿಟ್ಟು ‘ಇದ್ರಾಗ ಮಾಡ್ರೀ’ ಅಂದರು. ಲೈಬ್ರರಿಯಿಂದ ಒಂದು ಲೇಖನ ಜೆರಾಕ್ಸ್ ಮಾಡಿಸಿಕೊಂಡು ಬಂದು, ಮೂರು ತಿಂಗಳು ಒದ್ದಾಡಿ, ನಾನು ಮಾಡಿದೆ! ಅಂದಿನಿಂದ ನಾನು ನೆಲದ ಮೇಲೆ ನಡೆಯುವುದನ್ನು ಸ್ವಲ್ಪ ಕಡಿಮೆ ಮಾಡಿದ್ದೆ.

ಇನ್ನು ಶಿವಲೀಲಾ ವಿಷಯ.

ಬಿ.ಎಸ್ಸಿ.ಯಲ್ಲಿ ಪ್ರಾಕ್ಟಿಕಲ್‌ಗೆ ನನ್ನ ಜೋಡಿಯಾಗಿದ್ದವರು. ಸೊರಬದವರು. ಮೂರು ವರ್ಷ ಒಂದೇ ಬ್ಯೂರೆಟ್ಟಿನಲ್ಲಿ ಪ್ರಯೋಗ ಮಾಡಿದರೂ ನಾವು ‘ನೀವು’ ಬಿಟ್ಟು ‘ನೀನು’ ಅಂದವರಲ್ಲ. ನಾನು ನಲ್ಲಿ ತಿರುಗಿಸುವುದು, ಅವರು ಒಂದು ಕಣ್ಣು ಮುಚ್ಚಿ ನೋಡುವುದು. ಫ್ಲಾಸ್ಕಿನಲ್ಲಿ ಗುಲಾಬಿ ಬಣ್ಣ ಹೌದೋ ಅಲ್ಲವೋ ಎಂಬಷ್ಟು ಮೂಡಿದಾಗ ಮೆಲ್ಲಗೆ ‘ಸಾಕು’ ಎನ್ನುತ್ತಿದ್ದರು. ಆ ‘ಸಾಕು’ ಕೇಳಲಿಕ್ಕಾಗಿಯೇ ನಾನು ಎಷ್ಟೋ ಸಲ ತೊಟ್ಟು ತೊಟ್ಟಾಗಿ ಬಿಟ್ಟದ್ದುಂಟು. ಪ್ರೀತಿ ಎಂಬ ಶಬ್ದವನ್ನು ಇಬ್ಬರೂ ಆಡಲಿಲ್ಲ. ಡಿಗ್ರಿ ಮುಗಿಯಿತು. ಅವರು ಸೊರಬದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದರು.

ಕೆಲಸ ಸಿಕ್ಕಿದ ಮೇಲೆ ನಾನು ಭಾನುವಾರ ಭಾನುವಾರ ಸೊರಬಕ್ಕೆ ಹೋಗುವುದು ರೂಢಿಯಾಯಿತು. ಅವರ ತಂದೆ ಮಲ್ಲೇಶಪ್ಪನವರದು ಬಟ್ಟೆ ಅಂಗಡಿ. ಅಲ್ಲಿ ಶಿವಲೀಲಾ ಒಮ್ಮೊಮ್ಮೆ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ನಾನು ಒಳಗೆ ಹೋಗಿ ಒಂದು ಕರವಸ್ತ್ರ ಕೊಳ್ಳುತ್ತಿದ್ದೆ. ಅವರು ತಲೆಯೆತ್ತಿ ‘ಚೆನ್ನಾಗಿದೀರಾ?’ ಅನ್ನುತ್ತಿದ್ದರು. ‘ಚೆನ್ನಾಗಿದೀನಿ’ ಅನ್ನುತ್ತಿದ್ದೆ. ಇಷ್ಟೇ. ಇದಕ್ಕಾಗಿ ಹೋಗಿ ಬರಲು ಅರ್ಧ ದಿನ! ಆ ವರ್ಷದ ಕೊನೆಗೆ ನನ್ನ ಟ್ರಂಕಿನಲ್ಲಿ ಒಂದು ಊರಿನ ನೆಗಡಿಗೆ ಸಾಲುವಷ್ಟು ಕರವಸ್ತ್ರಗಳಿದ್ದವು.

ಕೊನೆಗೆ ಅಪ್ಪ ಬಂಧುಗಳ ಮೂಲಕ ಹೆಣ್ಣು ಕೇಳಿಸಿದರು. ಮಲ್ಲೇಶಪ್ಪನವರು ಬೇಡವೆನ್ನಲಿಲ್ಲ.

‘ಹುಡುಗ ಓದಿದಾನೆ, ಖರೆ. ಆದ್ರೆ ಎಂತ ಕೆಲಸ ಮಾಡ್ತಾನೆ ಅಂತ ನಂಗೂ ಅರ್ಥ ಆಗ್ಬೇಕಲ್ಲ ಮಾರಾಯ್ರೆ. ಹೆಂಗೂ ಮನೆ ನೋಡೋ ಶಾಸ್ತ್ರ ಅಂತ ಒಂದಿದೆ. ಆ ದಿನ ಅವನ ಕೆಲಸಾನೇ ನೋಡ್ತೀನಿ’ ಅಂದರಂತೆ.

ನಮ್ಮಲ್ಲಿ ಮಾತು ಕೊಡುವ ಮೊದಲು ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುತ್ತಾರೆ. ಪಡಸಾಲೆಯಲ್ಲಿ ಕೂತು, ಬಾವಿಗೆ ಇಣುಕಿ, ಕೊಟ್ಟಿಗೆಯಲ್ಲಿ ದನ ಎಷ್ಟಿವೆ ಎಂದು ಕಣ್ಣಲ್ಲೇ ಎಣಿಸಿ, ಮಂಡಕ್ಕಿ ಮೆಣಸಿನಕಾಯಿ ತಿಂದು ಹೋಗುತ್ತಾರೆ. ಯಂತ್ರ ನೋಡಿ ಹೆಣ್ಣು ಕೊಡುವುದು ಮಾತ್ರ ನಮ್ಮ ಸೀಮೆಯಲ್ಲಿ ಇದೇ ಮೊದಲು. ನಾನು ಹಿಗ್ಗಿದೆ. ಬಾವಿ, ಕೊಟ್ಟಿಗೆ ಇವು ಅಪ್ಪನ ಸಂಪಾದನೆ. ಕಾಲಂ ನನ್ನದು!

ಆ ವಾರದಲ್ಲಿ ಅಪ್ಪ ವ್ಯವಸ್ಥೆ ನೋಡಲೆಂದು ಕಾರ್ಖಾನೆಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು ಗುಡಿಗೆ ಬಂದವರಂತೆ ಲ್ಯಾಬಿನೊಳಗೆ ಕಾಲಿಟ್ಟರು. ಒಂದು ಸಲ ಮೂಗೆಳೆದರು. ಮುಖ ಅರಳಿತು.

‘ಏ ಚಂದ್ರಾ, ನಮ್ಮ ಕೊಟ್ಟಿಗಿ ವಾಸ್ನಿ ಬರ್ತೈತಲ್ಲೋ! ನಾನು ಎಂಥಾ ದೊಡ್ಡ ಜಾಗವೋ ಏನೋ ಅಂತ ಹೆದ್ರಿದ್ದೆ. ಮನಿ ಇದ್ದಂಗ ಐತಿ ಬಿಡು.’

ಅಮೋನಿಯದ ವಾಸನೆ ಅದು. ಗಂಜಲದಲ್ಲಿರುವುದೂ ಅದೇ. ಅಟೆಂಡರ್ ಹನುಮಂತಪ್ಪ, ನನ್ನ ಅಪ್ಪನ ವಯಸ್ಸಿನವರು, ಗಾಜು ಒರೆಸುತ್ತಿದ್ದವರು ಬಾಯಿಗೆ ಟವಲ್ ಇಟ್ಟುಕೊಂಡು ನಕ್ಕರು. ನನಗೆ ಕಿವಿ ಕೆಂಪಾಯಿತು. ಹದಿನೇಳು ವರ್ಷ ಓದಿ ಕೊಟ್ಟಿಗೆಯಿಂದ ಹೊರಗೆ ಬಂದವನನ್ನು ಅಪ್ಪ ಒಂದೇ ಉಸಿರಿನಲ್ಲಿ ವಾಪಸ್ ಗೊಂತಿಗೆ ಕಟ್ಟಿಹಾಕಿದ್ದರು!

ಆ ರಾತ್ರಿಯೇ ನಾನು ಮನಸ್ಸಿನಲ್ಲಿ ಆಜ್ಞೆ ಹೊರಡಿಸಿದೆ: ಮಾನ್ಯ ಮಲ್ಲೇಶಪ್ಪನವರು ಭೇಟಿ ನೀಡುವ ಸದರಿ ದಿನದಂದು ಸದರಿ ಕೊಠಡಿಯಲ್ಲಿ ಅಮೋನಿಯದ ಪ್ರವೇಶವನ್ನು ನಿಷೇಧಿಸಲಾಗಿದೆ.

ಅವರು ಬರುವ ದಿನ ಬೆಳಿಗ್ಗೆ ಹನುಮಂತಪ್ಪನವರು ಬಾಟಲಿ ಹಿಡಿದು ನಿಂತರು. ‘ಸಾರ್, ದಿನಾ ಹಾಕೋದನ್ನ ಇವತ್ತ ಬಿಟ್ರ ನಡಿತೈತೇನ್ರೀ?’

‘ಹನುಮಂತಪ್ಪ, ಆರು ತಿಂಗಳಿಂದ ಅಮೋನಿಯ ಕುಡಿದ ಕಾಲಂ ಇದು. ಒಂದು ಹೊತ್ತು ಉಪವಾಸ ಇದ್ದರೆ ಸಾಯೋದಿಲ್ಲ’ ಎಂದೆ. ಇದು ಎಂ.ಎಸ್ಸಿ. ಆಡಿಸಿದ ಮಾತು.

ಬಹುಶಃ ಕಾಲಂ ಒಂದು ಹೊತ್ತು ತಡೆದುಕೊಳ್ಳುತ್ತಿತ್ತೇನೋ. ಆದರೆ ಪಂಪಿನ ಹತ್ತಿರ ಮೂಸಿ ನೋಡಿದರೆ ಇನ್ನೂ ಸಣ್ಣಗೆ ಗಂಜಲ. ಕಾಲಂ ತೊಳೆಯಲು ಬಿಟ್ಟೆ. ಬರೀ ಮೆಥನಾಲು ಎಂಬ ಸ್ಪಿರಿಟ್ಟು, ಬರೀ ನೀರು. ಒಂಬತ್ತರಿಂದ ಒಂದರವರೆಗೆ ತೊಳೆದೆ. ಕಾಲಂನಲ್ಲಿದ್ದ ಟವಲ್‌ಗಳನ್ನೆಲ್ಲ ಒಂದೊಂದಾಗಿ ಎತ್ತಿ ಹೊರಗೆ ಎಸೆದಂತಾಯಿತು. ಸೀಟೆಲ್ಲ ಖಾಲಿ. ಒಂದು ತೊಟ್ಟು ಬಿಟ್ಟು ಪರೀಕ್ಷೆ ಮಾಡಿ ನೋಡಬಹುದಿತ್ತು. ಆ ಹೊತ್ತಿನಲ್ಲಿ ನಾನು ಕನ್ನಡಿ ಮುಂದೆ ಬೈತಲೆ ಸರಿಮಾಡಿಕೊಳ್ಳುತ್ತಿದ್ದೆ.

ಇಷ್ಟು ಸಾಲದೆಂದು ಹತ್ತು ಊದಿನಕಡ್ಡಿ ಹಚ್ಚಿದೆ.

‘ಸಾರ್, ಮೆಥನಾಲ್ ಹತ್ರ ಬೆಂಕಿ ತರಬಾರದು ಅಂತ ನೀವೇ ಬೋರ್ಡು ಬರ್ದೀರಿ’ ಎಂದರು ಹನುಮಂತಪ್ಪ. ಬೋರ್ಡು ನೋಡಿದೆ. ಕೆಳಗೆ ನನ್ನದೇ ಸಹಿ. ಕಡ್ಡಿಗಳನ್ನು ಬಾಗಿಲ ಹೊರಗೆ, ಅತಿಥಿಗಳು ಬರುವ ದಾರಿಯಲ್ಲೇ ನೆಟ್ಟೆ.

ಮೂರು ಗಂಟೆಗೆ ಬಂದರು. ಮಲ್ಲೇಶಪ್ಪನವರದು ಬೆಳ್ಳನೆ ಪಂಚೆ, ಇಸ್ತ್ರಿ ಶರ್ಟು. ಜೊತೆಗೆ ಅವರ ಅಕ್ಕ ಗಂಗಮ್ಮ, ಶಿವಲೀಲಾರ ಸೋದರತ್ತೆ. ಅವರ ಮಾತೆಂದರೆ ಆ ಮನೆಯಲ್ಲಿ ಕಡೆಯ ಮಾತು. ಹಿಂದೆ ಹೊಸ ಟವಲ್ ಹೊದ್ದ ನನ್ನ ಅಪ್ಪ. ಪದ್ಧತಿಯಂತೆ ಹುಡುಗಿ ಬಂದಿರಲಿಲ್ಲ. ಆದರೂ ನಾನು ಒಂದು ಸಲ ಅವರ ಬೆನ್ನ ಹಿಂದೆ ಇಣುಕಿ ನೋಡಿದೆ.

ಗಂಗಮ್ಮನವರು ಊದಿನಕಡ್ಡಿಯ ಹೊಗೆ ದಾಟಿ ಒಳಗೆ ಬಂದವರೇ ಸೀನಿದರು. ಒಂದು, ಎರಡು, ಐದು, ಒಂಬತ್ತು!

ನನಗೆ ಸಂತೋಷವೇ ಆಯಿತು. ‘ಅಮ್ಮಾವ್ರೇ, ಇದಕ್ಕೇ ನಮ್ಮ ಮಾತ್ರೆ ಇರೋದು’ ಎಂದು ಒಂದು ಕೊಟ್ಟೆ. ನುಂಗಿದರು.

ಆಮೇಲೆ ನಾನು ಭಾಷಣ ಮಾಡಿದೆ. ಮರಳಿನ ಗುಣ, ಔಷಧದ ಗುಣ. ಅಮೋನಿಯದ ಪಾತ್ರವೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ. ಸೂಜಿಯಲ್ಲಿ ಒಂದು ತೊಟ್ಟು ಎಳೆದು ಯಂತ್ರಕ್ಕೆ ಚುಚ್ಚಿ, ಕೈ ಒರೆಸಿಕೊಂಡು ಹೇಳಿದೆ:

‘ಆರು ನಿಮಿಷ. ಗಡಿಯಾರ ನೋಡ್ಕೊಳ್ಳಿ. ಈ ಕಾಗದದ ಮೇಲೆ ಗುಡ್ಡ ಏಳುತ್ತೆ!’

ವ್ಯಾಪಾರಸ್ಥರ ಮುಂದೆ ಹೊತ್ತು ಹೇಳಬಾರದು. ಮಲ್ಲೇಶಪ್ಪನವರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು.

ಪೆನ್ನು ಗೆರೆ ಎಳೆಯುತ್ತಿತ್ತು. ಐದು ನಿಮಿಷ. ಆರು. ಏಳು. ಗೆರೆ ನೆಟ್ಟಗೆ ಹೋಗುತ್ತಲೇ ಇತ್ತು. ಹತ್ತು. ಅಪ್ಪನಿಗೆ ನನ್ನ ಮುಖ ನೋಡಿ ಏನೋ ಹೊಳೆಯಿತು.

‘ಗೆರಿ ಮಾತ್ರ ಭಾಳ ನೆಟ್ಟಗ ಹೊಡಿತೈತ್ರೀ. ನಮ್ಮ ಎತ್ತಿಗೆ ಹಿಂಗ ಸಾಲು ಬರಂಗಿಲ್ಲ’ ಎಂದರು.

‘ಗುಡ್ಡ?’ ಎಂದರು ಮಲ್ಲೇಶಪ್ಪ.

‘ಬರುತ್ತೆ.’

ಹದಿನೈದನೇ ನಿಮಿಷಕ್ಕೆ ಸೂಜಿ ಸರಿಯಾಗಿ ಚುಚ್ಚಲಿಲ್ಲವೇನೋ ಅಂದುಕೊಂಡು ಇನ್ನೊಂದು ತೊಟ್ಟು ಬಿಟ್ಟೆ. ಅರ್ಧ ಗಂಟೆಗೆ ಮತ್ತೊಂದು. ಮೂರೂ ಒಳಗೆ ಹೋಗಿ ಖಾಲಿ ಸೀಟಿನಲ್ಲಿ ಕಾಲು ಚಾಚಿ ಕೂತವು. ನನಗೆ ಈಗ ಅರ್ಥವಾಗಿತ್ತು. ಅರ್ಥವಾದದ್ದನ್ನು ಬಾಯಿಬಿಟ್ಟು ಹೇಳುವ ಬದಲು ಪಂಪಿನ ವೇಗ ಏರಿಸಿದೆ! ಒತ್ತಡ ಹೆಚ್ಚಿ ಒಂದು ಜೋಡಣೆ ಸಡಿಲಾಯಿತು. ಕೂದಲೆಳೆಯಷ್ಟು ಸಣ್ಣ ಧಾರೆಯೊಂದು ಚಿಮ್ಮಿ, ಲ್ಯಾಬಿನಲ್ಲಿ ಇಷ್ಟೆಲ್ಲ ಜಾಗವಿದ್ದರೂ, ಸೀದಾ ಮಲ್ಲೇಶಪ್ಪನವರ ಪಂಚೆಗೆ ಬಿತ್ತು.

‘ಎಂತ ಇದು?’

‘ಬೇಗ ಆರುತ್ತೆ’ ಎಂದೆ. ಅಂದು ನಾನು ಹೇಳಿದ್ದರಲ್ಲಿ ಹೊತ್ತಿಗೆ ಸರಿಯಾಗಿ ನಡೆದದ್ದು ಅದೊಂದೇ.

ಈ ನಡುವೆ ಕೋಣೆಯಲ್ಲಿ ಒಂದು ಗೊರಕೆ ಕೇಳಿಸಿತು. ಪಂಪು ಕೆಟ್ಟಿತೆಂದು ನಾನು ಬಗ್ಗಿ ನೋಡಿದೆ. ಪಂಪಲ್ಲ, ಗಂಗಮ್ಮನವರು! ಕುರ್ಚಿಯಲ್ಲಿ ಗೋಡೆಗೊರಗಿ ಬಾಯಿ ತೆರೆದು ಮಲಗಿದ್ದರು. ನೆಗಡಿ ಮಾತ್ರೆಗೆ ನಿದ್ದೆ ಬರಿಸುವ ಗುಣವೂ ಇದೆ. ಅದನ್ನು ಹೇಳಲು ಮರೆತಿದ್ದೆ.

ಮಲ್ಲೇಶಪ್ಪನವರು ಅಕ್ಕನನ್ನು ನೋಡಿದರು. ಕಾಗದ ನೋಡಿದರು. ಬಹಳ ಗಂಭೀರವಾಗಿ ಕೇಳಿದರು:

‘ಮಾತ್ರೇಲಿ ಔಷಧ ಇದೆ ಅಂತ ನಮ್ಮಕ್ಕನ್ನ ನೋಡಿದ್ರೇ ಗೊತ್ತಾಗುತ್ತಲ್ಲ ಮಾರಾಯ್ರೆ. ಈ ಯಂತ್ರ ಎಂತಕ್ಕೆ?’

ನಾನು ಬಗ್ಗಿ ಸಡಿಲಾದ ಜೋಡಣೆಯನ್ನು ಒರೆಸತೊಡಗಿದೆ.

ನಾಲ್ಕೂವರೆಗೆ ಅವರು ಎದ್ದರು. ಐದಕ್ಕೆ ಸೊರಬದ ಬಸ್ಸು. ಗಂಗಮ್ಮನವರನ್ನು ಎಬ್ಬಿಸಲು ಮೂರು ಜನ ಬೇಕಾಯಿತು. ಅವರಿಗೆ ದಾರಿ ತೋರಿಸುತ್ತ ಅಪ್ಪ ಬಸ್ ಸ್ಟ್ಯಾಂಡಿಗೆ ಹೊರಟರು.

ಬಾಗಿಲು ಮುಚ್ಚಿದ್ದೇ ತಡ, ನಾನು ಅಮೋನಿಯದ ಬಾಟಲಿಗೆ ಕೈ ಹಾಕಿದೆ. ಅವಸರದಲ್ಲಿ ಕಾಲು ಭಾಗ ಶರ್ಟಿನ ಮೇಲೆ ಚೆಲ್ಲಿತು. ಉಳಿದದ್ದು ದ್ರಾವಣಕ್ಕೆ. ಜೋಡಣೆ ಬಿಗಿಮಾಡಿ ಪಂಪು ಹಾಕಿದೆ. ಕಣ್ಣಲ್ಲಿ ನೀರು. ಅಮೋನಿಯಕ್ಕೋ, ಬೇರೆ ಕಾರಣಕ್ಕೋ, ವಿಶ್ಲೇಷಣೆ ಮಾಡುವಷ್ಟು ಪುರುಸೊತ್ತು ಇರಲಿಲ್ಲ. ಹತ್ತು ನಿಮಿಷವಾಗಿರಬೇಕು. ಪೆನ್ನು ಒಮ್ಮೆ ಅದುರಿತು. ಮೇಲಕ್ಕೆ ಎದ್ದಿತು. ಎದ್ದಿತು, ಎದ್ದಿತು, ಕಾಗದದ ಅಂಚಿಗೆ ಹೋಗಿ ಟಕ್ ಟಕ್ ಎಂದು ತಲೆ ಚಚ್ಚಿಕೊಳ್ಳತೊಡಗಿತು! ಮೂರು ತೊಟ್ಟಿನ ಔಷಧವೂ ಒಟ್ಟಿಗೆ ಇಳಿದಿತ್ತು.

‘ಬಂತಲ್ರೀ ಸಾರ್, ಗುಡ್ಡ!’ ಎಂದು ಹನುಮಂತಪ್ಪ ಕೂಗಿದರು.

ಪೆನ್ನು ಕೆಳಗಿಳಿದದ್ದೇ ಕಾಗದ ಹರಿದುಕೊಂಡು ಓಡಿದೆ. ಮೂರು ಮೊಳದ ಕಾಗದ ಬಾಲದಂತೆ ಹಿಂದೆ ಹಾರುತ್ತಿತ್ತು. ನಾನು ಸ್ಟ್ಯಾಂಡ್ ಮುಟ್ಟುವುದಕ್ಕೂ ಬಸ್ಸು ಹೊರಡುವುದಕ್ಕೂ ಸರಿಹೋಯಿತು. ಕಿಟಕಿಯ ಪಕ್ಕ ಮಲ್ಲೇಶಪ್ಪನವರ ಬೆಳ್ಳನೆ ಶರ್ಟು ಕಂಡಿತು. ಬಸ್ಸಿನ ಜೊತೆ ಓಡುತ್ತ ಕೂಗಿದೆ:

‘ಮಾವಾ! ಗುಡ್ಡ ಬಂತು ಮಾವಾ!’

ಎರಡು ವರ್ಷ ಒಳಗೇ ಅಂದುಕೊಳ್ಳುತ್ತಿದ್ದ ಆ ‘ಮಾವ’ ಹೊರಗೆ ಬಂದದ್ದು ಅದೇ ಮೊದಲು. ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ತಿರುಗಿ ನೋಡಿತು. ಗಂಗಮ್ಮನವರು ಅರೆಗಣ್ಣು ತೆರೆದು, ‘ಯಾರದು ಮಲ್ಲೇಶಿ? ಎಂತಕ್ಕೆ ಜಾತಕ ಹಿಡ್ಕಂಡು ಓಡಿ ಬರ್ತಿದಾನೆ?’ ಅಂದದ್ದು ಕೇಳಿಸಿತು. ಬಸ್ಸು ವೇಗ ಹೆಚ್ಚಿಸಿತು.

ಅಪ್ಪ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಅಂಗೈಯಿಂದ ನೇವರಿಸಿ ಸುತ್ತಿದರು. ‘ಭಾಳ ದೊಡ್ಡದು ಬಂದೈತಿ’ ಎಂದರು. ಸ್ವಲ್ಪ ದೂರ ನಡೆದ ಮೇಲೆ ಕೇಳಿದರು: ‘ಅಲ್ಲೋ ಚಂದ್ರಾ, ಮೊನ್ನೆ ಇದ್ದ ಆ ವಾಸ್ನಿ ಇವತ್ತ ಯಾಕ ಇರ್ಲಿಲ್ಲ?’

ಈಗ ನನ್ನ ಶರ್ಟಿನ ತುಂಬ ಅದೇ ಇತ್ತು.

ವಾರದೊಳಗೆ ಸೊರಬದಿಂದ ಉತ್ತರ ಬಂತು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು. ಆದರೆ ಆರು ನಿಮಿಷ ಎಂದವನಿಗೆ ಒಂದೂವರೆ ಗಂಟೆಯಾದರೂ ಏನಾಗುತ್ತಿದೆ ಅಂತ ಹೇಳಲು ಬಾಯಿ ಬರಲಿಲ್ಲ. ನಾಳೆ ಸಂಸಾರದಲ್ಲಿ ಹೀಗಾದರೆ? ನನಗೆ ಸಿಟ್ಟು ಬರಲಿಲ್ಲ. ನನ್ನನ್ನು ಇಷ್ಟು ಸರಿಯಾಗಿ ಪರೀಕ್ಷಿಸಿದವರು ಇನ್ನಾರೂ ಇರಲಿಲ್ಲ.

ಆದರೂ ತಡೆಯಲಾರದೆ, ಮುಂದಿನ ತಿಂಗಳು ಒಂದು ದಿನ ರಜೆ ಹಾಕಿ ಸೊರಬಕ್ಕೆ ಹೋದೆ. ಸುತ್ತಿದ ಕಾಗದ ಕಂಕುಳಲ್ಲಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಶಿವಲೀಲಾ ಜಗಲಿಯ ಕಂಬದ ಹತ್ತಿರ ಬಂದು ನಿಂತರು. ಮಕ್ಕಳು ಅಂಗಳದಲ್ಲಿ ಕಬಡ್ಡಿ ಆಡುತ್ತಿದ್ದರು.

‘ಎಂತ ಆಯ್ತು ಅವತ್ತು? ಅಪ್ಪ ಹೇಳಿದ್ದು ಕೇಳಿ ನಂಗೆ ನಂಬಿಕೆನೇ ಆಗ್ಲಿಲ್ಲ’ ಎಂದರು.

ಕಾಗದ ಬಿಚ್ಚಿ ಕೊಟ್ಟೆ. ಒಂದು ಕಣ್ಣು ಮುಚ್ಚಿ ನೋಡಿದರು. ಗುಡ್ಡದ ಹಿಂಬದಿಯ ಇಳಿಜಾರಿನ ಮೇಲೆ ಬೆರಳಾಡಿಸಿದರು.

‘ಮೂರು ಸಲ ಹಾಕಿದ್ದು ಒಟ್ಟಿಗೆ ಬಂದಿದೆ ಅಲ್ವಾ? ಮರಳಿನ ಗುಣ, ಔಷಧದ ಗುಣ ಎಲ್ಲ ಅಪ್ಪ ಹೇಳಿದ್ರು. ಅಮೋನಿಯ ಯಾಕೆ ಬಿಟ್ರಿ?’

‘ವಾಸನೆ... ಕೊಟ್ಟಿಗೆ ಥರ ಇರುತ್ತೆ. ನಿಮ್ಮ ತಂದೆಯವರು ಏನಂದುಕೊಳ್ತಾರೋ ಅಂತ.’

ಅವರು ನನ್ನನ್ನೇ ನೋಡಿದರು. ಮೊದಲು ತುಟಿ ಕಚ್ಚಿಕೊಂಡರು. ಆಮೇಲೆ ತಡೆಯಲಾಗದೆ ನಕ್ಕರು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಣ್ಣೊರೆಸಿಕೊಳ್ಳುವುದು ನಗು ನಿಂತ ಮೇಲೂ ಸ್ವಲ್ಪ ಹೊತ್ತು ನಡೆಯಿತು.

‘ನಮ್ಮನೇಲಿ ನಾಕು ಎಮ್ಮೆ ಇದೆ ಕಣ್ರೀ. ಅಪ್ಪ ದಿನಾ ಬೆಳಿಗ್ಗೆ ತಾನೇ ಸಗಣಿ ಬಾಚಿ, ಸ್ನಾನ ಮಾಡ್ಕಂಡು ಅಂಗಡಿಗೆ ಹೋಗೋದು. ಆ ವಾಸನೆ ಇದ್ದಿದ್ರೆ, ಅಲ್ಲೇ ಕೂತು ನಿಮ್ಮಪ್ಪಾವ್ರ ಹತ್ರ ಹಾಲಿನ ವಿಚಾರ ಮಾತಾಡ್ಕಂಡು ಇರೋರು. ಅತ್ತೆಗೆ ಆಗದೇ ಇರೋದು ಊದ್ಬತ್ತಿ ಒಂದೇ.’

ಎಂ.ಎಸ್ಸಿ., ಪ್ರಥಮ ದರ್ಜೆ! ಭಾನುವಾರ ಭಾನುವಾರ ಸೊರಬಕ್ಕೆ ಹೋಗಿ ಬಂದವನಿಗೆ, ಅವರ ಮನೆಯಲ್ಲಿ ಎಮ್ಮೆ ಇದೆಯೇ ಎಂದು ಕೇಳಬೇಕೆಂದು ಒಂದು ದಿನವೂ ತೋಚಿರಲಿಲ್ಲ.

‘ಇನ್ನೊಂದು ಸಲ ಕರೆಸಿದರೆ... ಈ ಸಲ ಅಮೋನಿಯ ಹಾಕಿಯೇ...’ ಎಂದೆ.

ಅವರು ಅಂಗಳದ ಕಡೆ ನೋಡಿದರು. ‘ಹೋದ ಸೋಮವಾರ ಅಪ್ಪ ಮಾತು ಕೊಟ್ರು. ಹುಡುಗ ಇಲ್ಲೇ, ಬ್ಯಾಂಕಿನವರು’ ಎಂದರು. ತುಸು ತಡೆದು, ಬ್ಯೂರೆಟ್ಟಿನ ಮುಂದೆ ಹೇಳುತ್ತಿದ್ದಷ್ಟೇ ಮೆಲ್ಲಗೆ, ‘ನೀವು ಹೇಳಿಬಿಡಬಹುದಿತ್ತು’ ಎಂದರು.

ಏನನ್ನು ಎಂದು ನಾನು ಕೇಳಲಿಲ್ಲ.

ಕಾಗದವನ್ನು ಮತ್ತೆ ಸುತ್ತಿದವರು ವಾಪಸು ಕೊಡಲಿಲ್ಲ. ‘ಇದನ್ನ ನಾನಿಟ್ಕೊಳ್ಳಲಾ?’ ಎಂದರು. ನನ್ನ ಎದೆ ಹಾರಿತು. ‘ಇಟ್ಕೊಳ್ಳಿ’ ಎಂದೆ. ಸೊರಬದಿಂದ ಶಿಕಾರಿಪುರದವರೆಗೆ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಎಲ್ಲಿ ಇಟ್ಟುಕೊಂಡಿರುತ್ತಾರೆ? ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೋ? ಯಾವುದೋ ಪುಸ್ತಕದ ನಡುವೆಯೋ? ಮುಂದೆ ಎಷ್ಟೋ ವರ್ಷ, ಮದುವೆಯಾಗಿ ಮಕ್ಕಳಾದ ಮೇಲೂ, ಮಳೆ ಬಂದ ಸಂಜೆಗಳಲ್ಲಿ ನಾನು ಹೀಗೆ ಯೋಚಿಸಿದ್ದುಂಟು.

ಎಲ್ಲಿಟ್ಟಿದ್ದರೆಂಬುದು ಆ ಶಾಲೆಯಲ್ಲಿ ಓದಿ, ನಮ್ಮ ಲ್ಯಾಬಿಗೆ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳಿಂದ ತಿಳಿಯಿತು. ಯಂತ್ರದ ಕಾಗದ ಕಂಡೊಡನೆ, ‘ಸಾರ್, ಇಂಥದ್ದು ನಮ್ಮ ಸ್ಕೂಲಿನ ಲ್ಯಾಬ್ ಗೋಡೆ ಮೇಲಿತ್ತು. ಶಿವಲೀಲಾ ಟೀಚರ್ ರಟ್ಟು ಅಂಟಿಸಿ ತೂಗುಹಾಕಿದ್ರು. ಕೆಳಗೆ ದುಂಡಗೆ ಬರೆದಿದ್ರು: ಪ್ರಯೋಗವನ್ನು ಹೀಗೆ ಮಾಡಬಾರದು’ ಎಂದಳು.

ನಾನು ಶಿವಲೀಲಾರಿಗೆ ಕೊಟ್ಟ ಒಂದೇ ಒಂದು ಪ್ರೇಮಪತ್ರ ಅದು. ಸೊರಬದ ಮಕ್ಕಳು ವರ್ಷ ವರ್ಷವೂ ಅದರ ಕೆಳಗೆ ಕೂತು ವಿಜ್ಞಾನ ಓದಿದರು.

ಎಲ್ಲರೂ ಪಾಸಾದರಂತೆ!